ಒಂಬತ್ತು ವಾಕ್ಯಗಳಲ್ಲಿ ಚಕ್ರವಿರಲಿಲ್ಲ
(ವಿಮಾನ ಸುರಕ್ಷತಾ ಕಚೇರಿಯ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ)

ಮಾನ್ಯರೇ,

ಬಾಯಿ ಬಿಡಬಾರದು ಎಂದು ಲಿಖಿತ ಆದೇಶ ಕೊಟ್ಟವರು ನೀವು. ಬಾಯಿ ಬಿಡಲಿಲ್ಲ ಎಂಬ ಕಾರಣಕ್ಕೆ ಅದೇ ಮನುಷ್ಯನನ್ನು ಕೆಲಸದಿಂದ ಶಾಶ್ವತವಾಗಿ ತೆಗೆಯಲು ಹೊರಟಿರುವವರೂ ನೀವೇ. ಎರಡು ಕಾಗದಗಳೂ ಈಗ ನನ್ನ ಮೇಜಿನ ಮೇಲಿವೆ. ಎರಡರಲ್ಲೂ ಒಂದೇ ಮೊಹರು, ಒಂದೇ ಸಹಿ, ಸಹಿಯ ಕೆಳಗೆ ಒಂದೇ ಠೀವಿಯ ಅಡ್ಡಗೆರೆ. ಒಂದು ದಿನಪತ್ರಿಕೆಯ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಕತ್ತರಿ, ಅಂಟು ಹಿಡಿದು ಸುದ್ದಿಗಳನ್ನು ಫೈಲು ಮಾಡಿದವಳು ನಾನು. ಒಂದರ ಮುಖ ಇನ್ನೊಂದು ನೋಡದ ಕಾಗದಗಳನ್ನು ಹುಡುಕಿ ಅಕ್ಕಪಕ್ಕ ಕೂರಿಸುವುದು ನನ್ನ ಹಳೆಯ ಚಟ. ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ.

ಆ ಮನುಷ್ಯ ನನ್ನ ತಮ್ಮ. ಊರಾಚೆಯ ಸಣ್ಣ ವಿಮಾನ ಮೈದಾನದ ರೇಡಿಯೊ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತವನು. ಈಗ ಅಮಾನತಿನಲ್ಲಿದ್ದಾನೆ. ಬರುವ ಹತ್ತೊಂಬತ್ತನೆಯ ತಾರೀಕು ನಿಮ್ಮ ಕಚೇರಿಯಲ್ಲಿ ಅವನ ವಿಚಾರಣೆ. ಅಂದು ಅವನು ತಪ್ಪೊಪ್ಪಿಗೆಗೆ ಸಹಿ ಹಾಕಿದರೆ ಮತ್ತೆಂದೂ ಯಾವ ರೇಡಿಯೊದ ಮುಂದೆಯೂ ಕೂರುವ ಹಾಗಿಲ್ಲ. ಅವನು ಸಹಿ ಹಾಕುತ್ತಾನೆ, ನನಗೆ ಗೊತ್ತು. ಅದಕ್ಕೇ ಅವನಿಗೆ ಹೇಳದೆ, ಅವನಿಗಿಂತ ಮೊದಲು, ಎಲ್ಲರಿಗೂ ಕೇಳುವ ಹಾಗೆ ನಾನು ಬರೆಯುತ್ತಿದ್ದೇನೆ.

ಓದುಗರಿಗಾಗಿ ಒಂದೆರಡು ಮಾತು. ನಮ್ಮದು ದೊಡ್ಡ ವಿಮಾನಗಳು ಬರುವ ನಿಲ್ದಾಣವಲ್ಲ. ಒಂದು ರನ್‌ವೇ, ಒಂದು ಗಾಳಿಚೀಲ, ತಗಡಿನ ಎರಡು ಶೆಡ್ಡು, ಒಂದನೆಯ ಮಹಡಿಯಲ್ಲಿ ಮೂರು ಕಡೆ ಕಿಟಕಿಯಿರುವ ಒಂದು ಕೋಣೆ. ಇಲ್ಲಿಗೆ ಬರುವುದು ಎರಡು ಸೀಟಿನ, ನಾಲ್ಕು ಸೀಟಿನ ಖಾಸಗಿ ವಿಮಾನಗಳು. ಓಡಿಸುವವರು ವಕೀಲರು, ಡಾಕ್ಟರುಗಳು, ಗಿರಣಿ ಮಾಲೀಕರು. ವಾರವಿಡೀ ಬೇರೆ ಕೆಲಸ ಮಾಡಿ ರಜೆಯ ದಿನ ಆಕಾಶಕ್ಕೆ ಹೋಗುವ ಆಸೆಯುಳ್ಳವರು. ರೇಡಿಯೊ ಕೋಣೆಯ ನೌಕರನಿಗೆ ಯಾರಿಗೂ ಅಪ್ಪಣೆ ಕೊಡುವ ಅಧಿಕಾರವಿಲ್ಲ. ಗಾಳಿ ಯಾವ ಕಡೆಯಿಂದ, ಎಷ್ಟು ಜೋರು, ರನ್‌ವೇ ಮೇಲೆ ನಾಯಿ ಮಲಗಿದೆಯೋ ಇಲ್ಲವೋ, ಇಷ್ಟು ಹೇಳುವುದು ಅವನ ಕೆಲಸ. ನನ್ನ ತಮ್ಮ ಇದಕ್ಕೆ ಇನ್ನೊಂದನ್ನು ಸೇರಿಸಿಕೊಂಡಿದ್ದ. ಇಳಿಯಲು ಕೊನೆಯ ತಿರುವು ತೆಗೆದುಕೊಂಡ ಪ್ರತಿಯೊಂದು ವಿಮಾನಕ್ಕೂ ಅವನದು ಒಂದೇ ಪ್ರಶ್ನೆ: "ಚಕ್ರ ಇಳೀತಾ?" ಪೈಲಟ್ ತನ್ನ ಮುಂದಿನ ಮೂರು ಹಸಿರು ದೀಪ ನೋಡಿ, "ಮೂರು ಹಸಿರು, ಅಣ್ಣಾ" ಎನ್ನಬೇಕು. ಅನ್ನದಿದ್ದರೆ ಮತ್ತೆ ಕೇಳುತ್ತಿದ್ದ. ಇದರಿಂದಲೇ ಮೈದಾನದಲ್ಲಿ ಅವನಿಗೆ ಚಕ್ರಣ್ಣ ಎಂಬ ಹೆಸರು ಬಂತು.

ಚಕ್ರ ಒಳಕ್ಕೆ ಮಡಚಿಕೊಳ್ಳುವ ವಿಮಾನಕ್ಕೆ ಕೇಳುವುದು ಸರಿ. ಇವನು ಚಕ್ರ ಸದಾ ಹೊರಗೇ ಇರುವ, ಕಲಿಯುವವರ ಪುಟ್ಟ ವಿಮಾನಗಳಿಗೂ ಕೇಳುತ್ತಿದ್ದ. ಅವರಿಗೆ ಹಸಿರು ದೀಪವೂ ಇಲ್ಲ. "ಅಣ್ಣಾ, ನಮ್ಮ ಚಕ್ರ ಕಟ್ಕೊಂಡ ಹೆಂಡ್ತಿ ಇದ್ದ ಹಾಗೆ, ಬಿಟ್ಟು ಎಲ್ಲೂ ಹೋಗಲ್ಲ" ಎಂದು ಒಬ್ಬ ತರಬೇತುದಾರ ರೇಗಿಸಿದ್ದನಂತೆ. "ಇರ್ಲಿ, ಒಂದ್ಸಲ ತಿರುಗಿ ನೋಡಿ. ಹೆಂಡ್ತಿಗೂ ಖುಷಿಯಾಗುತ್ತೆ" ಎಂದನಂತೆ ಇವನು. ತರಬೇತುದಾರ ನಗುತ್ತಲೇ ಕಿಟಕಿಯಿಂದ ಬಗ್ಗಿ ನೋಡಿದರೆ ಎಡಗಡೆಯ ಟೈರು ಹರಿದು ಚಿಂದಿಯಾಗಿ ನೇತಾಡುತ್ತಿತ್ತು. ಹತ್ತು ನಿಮಿಷ ಮೇಲೆಯೇ ಸುತ್ತು ಹೊಡೆದು, ಕೆಳಗೆ ಬೆಂಕಿ ಆರಿಸುವ ವಾಹನ ಬಂದ ಮೇಲೆ ಒಂದೇ ಚಕ್ರದ ಮೇಲೆ ಭಾರ ಹಾಕಿ ಇಳಿಸಿದ. ಈ ಪ್ರಕರಣ ನಿಮ್ಮ ಯಾವ ಕಡತದಲ್ಲೂ ಸಿಗುವುದಿಲ್ಲ. ಅಪಘಾತವೇ ಆಗಲಿಲ್ಲವಲ್ಲ, ಸಿಗುವುದಾದರೂ ಹೇಗೆ?

ಆದ ಅಪಘಾತಗಳ ಕಡತ ನಿಮ್ಮಲ್ಲಿದೆ. ನನ್ನಲ್ಲೂ ಇದೆ. ಹದಿನೇಳು ವರ್ಷದ ಹಿಂದೆ ಒಬ್ಬ ಗಿರಣಿ ಮಾಲೀಕರು, ಹಿಂದಿನ ಸೀಟಿನಲ್ಲಿದ್ದ ಮಾವನಿಗೆ ತಮ್ಮ ಹೊಸ ಮನೆಯ ತಾರಸಿ ತೋರಿಸುತ್ತಾ ತೋರಿಸುತ್ತಾ, ರನ್‌ವೇ ಎಂದುಕೊಂಡು ಪಕ್ಕದಲ್ಲಿ ಹೊಸದಾಗಿ ಡಾಂಬರು ಹಾಕಿದ ರಸ್ತೆಯ ಮೇಲೆ ವಿಮಾನ ಇಳಿಸಿದರು. ರೋಡ್ ರೋಲರಿನ ಡ್ರೈವರು ಪಕ್ಕಕ್ಕೆ ಸರಿದು ದಾರಿ ಬಿಟ್ಟದ್ದರಿಂದ ಎಲ್ಲರೂ ಉಳಿದರು. ಆಗ ನಿಮ್ಮ ಕಚೇರಿ ಏನು ಮಾಡಿತು? ರಸ್ತೆಯ ಬದಿಗೆ "ಇದು ರನ್‌ವೇ ಅಲ್ಲ" ಎಂಬ ಫಲಕ ನೆಡಿಸಿತು. ಆ ಫಲಕ ಇಂದಿಗೂ ಇದೆ, ಸೈಕಲ್ ಸವಾರರು ಓದಿಕೊಳ್ಳಲು ಅನುಕೂಲವಾಗುವಷ್ಟು ಎತ್ತರದಲ್ಲಿ. ಒಂಬತ್ತು ವರ್ಷದ ಹಿಂದೆ ಒಬ್ಬ ವಕೀಲರ ಮೊಬೈಲು ಇಳಿಯುವ ಹೊತ್ತಿಗೆ ಸರಿಯಾಗಿ ಕಾಲಬುಡಕ್ಕೆ ಜಾರಿತು. ಬಗ್ಗಿ ಎತ್ತಿಕೊಂಡು ತಲೆ ಮೇಲೆತ್ತುವಷ್ಟರಲ್ಲಿ ಅವರು ಕುಂಬಳಕಾಯಿ ಹೊಲದಲ್ಲಿದ್ದರು. ಆಗ ನೀವು ಮೊಬೈಲಿಗೆ ಒಂದು ಚೀಲ ಕಡ್ಡಾಯ ಮಾಡಿದಿರಿ, ಚೀಲ ಇದೆಯೆಂದು ದೃಢೀಕರಿಸಲು ಮೂರು ಪ್ರತಿಯ ಒಂದು ನಮೂನೆಯನ್ನೂ ಮಾಡಿದಿರಿ. ಇನ್ನೊಮ್ಮೆ ಒಬ್ಬ ಇಂಜಿನಿಯರಮ್ಮನ ವಿಮಾನದೊಳಗೆ ಜೇನುಹುಳ ಸೇರಿಕೊಂಡು, ಅದನ್ನು ಓಡಿಸುವ ಗಡಿಬಿಡಿಯಲ್ಲಿ ಆಕೆ ರನ್‌ವೇ ಮುಗಿದ ಮೇಲೂ ಓಡುತ್ತಾ ಹೋಗಿ ಬೇಲಿಗೆ ಗುದ್ದಿದರು. ಆ ಕಡತದ ಮೇಲೆ ನಿಮ್ಮವರು ಬರೆದ ಶೀರ್ಷಿಕೆ: "ಅನಧಿಕೃತ ಪ್ರಯಾಣಿಕ". ನಾನು ನಗಲಿಲ್ಲ, ಕತ್ತರಿಸಿ ಅಂಟಿಸಿದೆ.

ಇವರಲ್ಲಿ ಯಾರೂ ದಡ್ಡರಲ್ಲ. ಎಲ್ಲರೂ ಪರೀಕ್ಷೆ ಪಾಸು ಮಾಡಿದವರು. ಇಳಿಯುವ ಆ ಮೂರು ನಿಮಿಷ ಎಷ್ಟು ಕಿಷ್ಕಿಂಧೆ ಎಂಬುದನ್ನು ನಮ್ಮಮ್ಮ ಒಲೆಯ ಮುಂದೆ ನಿಂತಿರುತ್ತಿದ್ದ ರೀತಿಯಲ್ಲೇ ನಾನು ಅರ್ಥ ಮಾಡಿಕೊಂಡಿದ್ದೇನೆ: ಒಂದು ಕೈಯಲ್ಲಿ ಬಾಣಲೆ, ಇನ್ನೊಂದರಲ್ಲಿ ಜಾಲರಿ, ಆಗಲೇ ಯಾರೋ ಬಾಗಿಲು ತಟ್ಟುತ್ತಾರೆ. ಬಾಗಿಲು ತೆಗೆದು ಮಾತಾಡಿ ಬಂದಾಗ ಉಪ್ಪು ಹಾಕಿದ್ದೇನೆಯೋ ಇಲ್ಲವೋ ತಿಳಿಯದು. ಉಪ್ಪು ಹಾಕಬೇಕೆಂಬುದು ಅಮ್ಮನಿಗೆ ಗೊತ್ತಿರಲಿಲ್ಲವೇ? ಅಂಥ ಹೊತ್ತಿನಲ್ಲಿ ಉಪದೇಶ ಉಪಯೋಗಕ್ಕೆ ಬರುವುದಿಲ್ಲ, ಸುತ್ತೋಲೆಯಂತೂ ಬರುವುದೇ ಇಲ್ಲ. ಪಡಸಾಲೆಯಿಂದ ಯಾರಾದರೂ "ಉಪ್ಪು ಹಾಕಿದ್ಯಾ?" ಎಂದರೆ ಸಾಕು.

ನನ್ನ ತಮ್ಮ ಇದನ್ನು ಪುಸ್ತಕದಿಂದ ಕಲಿತವನಲ್ಲ. ಕೆಲಸಕ್ಕೆ ಸೇರಿದ ಮೊದಲನೆಯ ವರ್ಷ, ಒಂದು ಮಧ್ಯಾಹ್ನ, ನಗರದ ದೊಡ್ಡ ಶಸ್ತ್ರಚಿಕಿತ್ಸಕರೊಬ್ಬರ ವಿಮಾನ ಇಳಿಯಲು ಬರುತ್ತಿತ್ತು. ಇವನು ದುರ್ಬೀನು ಹಿಡಿದು ನೋಡಿದ. ವಿಮಾನದ ಹೊಟ್ಟೆ ಮೀನಿನ ಹೊಟ್ಟೆಯ ಹಾಗೆ ನುಣ್ಣಗಿತ್ತು. ಚಕ್ರ ಇಲ್ಲ. ಇಷ್ಟು ದೊಡ್ಡ ಡಾಕ್ಟರು, ಅವರಿಗೆ ಗೊತ್ತಿರುವುದಿಲ್ಲವೇ, ಇನ್ನೇನು ಇಳಿಸುತ್ತಾರೆ ಎಂದುಕೊಂಡ. ಅವರು ಇಳಿಸಲಿಲ್ಲ. ಜೀವ ಉಳಿಯಿತು, ಬೆನ್ನುಮೂಳೆ ಉಳಿಯಲಿಲ್ಲ. ಆ ಕೈ ಮತ್ತೆ ಚಾಕು ಹಿಡಿಯಲಿಲ್ಲ. ಹದಿನೈದು ದಿನದ ಮೇಲೆ ತಮ್ಮ ಅವರನ್ನು ನೋಡಲು ಆಸ್ಪತ್ರೆಗೆ ಹೊರಟಾಗ ಜೊತೆಗೆ ನಾನೂ ಹೋಗಿದ್ದೆ. ಮಾತು ನನಗಿನ್ನೂ ಕಿವಿಯಲ್ಲಿದೆ.

"ನೀನು ನೋಡ್ತಾ ಇದ್ಯೇನಯ್ಯಾ?"

"ನೋಡ್ತಾ ಇದ್ದೆ ಸಾರ್."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಿಮಗೆ ಗೊತ್ತಿರುತ್ತೆ ಅಂದ್ಕೊಂಡೆ ಸಾರ್."

ಅವರು ಚಾವಣಿ ನೋಡುತ್ತಾ, "ಗೊತ್ತಿತ್ತು ಕಣಯ್ಯಾ. ನೆನಪಿರಲಿಲ್ಲ" ಎಂದರು.

ಮಾನ್ಯರೇ, ನಿಮ್ಮ ಕಚೇರಿಯ ಗೋಡೆಗೆ ಬರೆಸಬೇಕಾದ ಮಾತೇನಾದರೂ ಇದ್ದರೆ ಅದು ಇದು. ಬರೆಸಲು ಇಲಾಖೆಯ ಅನುಮೋದನೆ ಬೇಕಾದೀತು, ಇರಲಿ. ನನ್ನ ತಮ್ಮ ಯಾರ ಅನುಮೋದನೆಗೂ ಕಾಯಲಿಲ್ಲ. ಮಾರನೆಯ ದಿನದಿಂದ ಕೇಳತೊಡಗಿದ. ದೊಡ್ಡವರು ಸಣ್ಣವರು ನೋಡದೆ, ಚಕ್ರ ಮಡಚುತ್ತದೋ ಇಲ್ಲವೋ ನೋಡದೆ, ಇಪ್ಪತ್ತೈದು ವರ್ಷ ಕೇಳಿದ. ಅಷ್ಟೂ ವರ್ಷ ನಮ್ಮ ಮೈದಾನದಲ್ಲಿ ಒಂದೇ ಒಂದು ವಿಮಾನವೂ ಹೊಟ್ಟೆಯ ಮೇಲೆ ಇಳಿಯಲಿಲ್ಲ.

ಹಾಗಿರುವಾಗ ಹೋದ ವರ್ಷ ನಿಮ್ಮ "ಗಮನ ವಿಚಲನೆ ತಡೆ ಸುತ್ತೋಲೆ" ಬಂತು. ಉದ್ದೇಶ ಒಳ್ಳೆಯದೇ. ಇಳಿಯುವ ಹೊತ್ತಿನಲ್ಲಿ ಪೈಲಟ್‌ಗಳ ಕಿವಿಗೆ ಅನಗತ್ಯ ಮಾತು ಬೀಳಬಾರದು. ಆದ್ದರಿಂದ ರೇಡಿಯೊ ಕೋಣೆಯವರು ಅನುಮೋದಿತ ಒಂಬತ್ತು ವಾಕ್ಯಗಳನ್ನು ಬಿಟ್ಟು ಬೇರೇನನ್ನೂ ಆಡತಕ್ಕದ್ದಲ್ಲ. ಆ ಒಂಬತ್ತನ್ನೂ ನಾನು ಓದಿದ್ದೇನೆ. "ಗಾಳಿಯು ಇಂತಹ ದಿಕ್ಕಿನಿಂದ ಇಂತಿಷ್ಟು ವೇಗದಲ್ಲಿ ಬೀಸುತ್ತಿದೆ" ಎಂಬುದು ಮೊದಲನೆಯದು. "ರನ್‌ವೇ ತೆರವಾಗಿದೆ", "ದಯವಿಟ್ಟು ಪುನರುಚ್ಚರಿಸಿ", "ತಮ್ಮ ಸಂದೇಶ ಸ್ವೀಕೃತವಾಗಿದೆ" ಎಲ್ಲವೂ ಇವೆ. ಒಂಬತ್ತನೆಯದು "ತಮಗೆ ಶುಭವಾಗಲಿ". ಅಂದರೆ ಚಕ್ರವಿಲ್ಲದೆ ಇಳಿಯುತ್ತಿರುವವನಿಗೆ ಶುಭ ಹಾರೈಸಲು ಅನುಮತಿಯಿದೆ, ಚಕ್ರವಿಲ್ಲ ಎಂದು ಹೇಳಲು ಇಲ್ಲ. ಈ ಪಟ್ಟಿ ತಯಾರಿಸಿದ ಸಮಿತಿಯಲ್ಲಿ ಹನ್ನೊಂದು ಜನರಿದ್ದರು. ಹನ್ನೊಂದು ಜನ ಸೇರಿ ಒಂಬತ್ತು ವಾಕ್ಯ. ಒಬ್ಬರಿಗೆ ಒಂದರಂತೆ ಯೋಚಿಸಿದ್ದರೂ ಇನ್ನೆರಡಕ್ಕೆ ಜಾಗವಿತ್ತು.

ನನ್ನ ತಮ್ಮ ಆ ಸುತ್ತೋಲೆಯನ್ನು ಮೇಜಿನ ಗಾಜಿನ ಕೆಳಗೆ ಭಕ್ತಿಯಿಂದ ಇಟ್ಟುಕೊಂಡ. ಒಂಬತ್ತು ವಾಕ್ಯಗಳನ್ನೂ ಹೇಳಿದ. ಜೊತೆಗೆ ತನ್ನದನ್ನೂ ಕೇಳಿದ. ಧ್ವನಿಮುದ್ರಿಕೆ ಕೇಳಿಸಿಕೊಂಡ ನಿಮ್ಮವರು, ಒಂದೇ ದಿನದಲ್ಲಿ ಹದಿನಾಲ್ಕು ಬಾರಿ ಅನನುಮೋದಿತ ಮಾತಾಡಿದ್ದಾನೆಂದು ಮೊದಲನೆಯ ಮೆಮೊ ಕೊಟ್ಟರು. "ಕೇಳುವುದರಿಂದ ಯಾರಿಗೂ ನಷ್ಟವಿಲ್ಲ" ಎಂದು ಇವನು ಒಂದೇ ಸಾಲಿನ ಉತ್ತರ ಬರೆದ. "ನಷ್ಟವಿದೆಯೇ ಇಲ್ಲವೇ ಎಂದು ತೀರ್ಮಾನಿಸುವುದು ತಮ್ಮ ಕಾರ್ಯವ್ಯಾಪ್ತಿಗೆ ಬರುವುದಿಲ್ಲ" ಎಂದು ಎರಡನೆಯ ಮೆಮೊ ಬಂತು. ಮೂರನೆಯದಕ್ಕೆ ಕೆಲಸ ಹೋಗುತ್ತದೆ ಎಂದು ಕೊನೆಯ ಸಾಲು.

ಆ ಸಂಜೆ ಗಂಡ ಹೆಂಡತಿ ಇಬ್ಬರೂ ನನ್ನ ಮನೆಗೆ ಬಂದರು. ಅವನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಮೆಮೊವನ್ನು ಮಡಚುವುದು, ಬಿಚ್ಚುವುದು ಮಾಡುತ್ತಿದ್ದ.

"ಏನ್ ಮಾಡ್ಲಿ ಅಕ್ಕಾ?"

"ಮಾಡೋದೇನು? ಒಂಬತ್ತು ವಾಕ್ಯ ಹೇಳು, ಬಾಯಿ ಮುಚ್ಕೊಂಡು ಕೂತ್ಕೋ. ಇನ್ನೂ ಎಂಟು ವರ್ಷ ಸರ್ವೀಸಿದೆ. ವಿಮಾನ ಓಡ್ಸೋರೇನು ಹಸುಗೂಸುಗಳಾ?"

"ಹಸುಗೂಸುಗಳಾಗಿದ್ರೆ ಭಯ ಇರ್ಲಿಲ್ಲ. ದೊಡ್ಡ ದೊಡ್ಡೋರು. ಅದೇ ಭಯ."

ಅವನ ಹೆಂಡತಿ ಸುಮ್ಮನಿರುವವಳಲ್ಲ. "ಗ್ಯಾಸ್ ಆರಿಸಿದ್ಯಾ, ಬೀಗ ಹಾಕಿದ್ಯಾ, ನಲ್ಲಿ ನಿಲ್ಸಿದ್ಯಾ ಅಂತ ನನ್ನ ದಿನಾ ಹದಿನಾಲ್ಕು ಸಲ ಕೇಳ್ತಾರೆ ಅತ್ತಿಗೆ. ನಾನು ಯಾವತ್ತಾದ್ರೂ ಮೆಮೊ ಕೊಟ್ಟಿದೀನಾ? ಆ ಆಫೀಸಿನೋರಿಗೆ ನನ್ನಷ್ಟೂ ತಾಳ್ಮೆ ಇಲ್ವಲ್ಲ!"

ನಾವು ಮೂವರೂ ನಕ್ಕೆವು. ನಗು ಮುಗಿದ ಮೇಲೆ ನಾನು ಮತ್ತೆ ಅದನ್ನೇ ಹೇಳಿದೆ. ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು, ಎತ್ತಿ ಆಡಿಸಿದವಳು; ನನ್ನ ಮಾತು ಅವನು ಮೀರುವುದಿಲ್ಲ. "ನೀನು ಹೇಳಿದ್ಮೇಲೆ ಆಯ್ತು" ಎಂದು ಮೆಮೊವನ್ನು ಜೇಬಿಗಿಟ್ಟುಕೊಂಡು ಎದ್ದ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹನ್ನೊಂದು ದಿನಗಳಾದ ಮೇಲೆ ನಿಮ್ಮ ತಪಾಸಣಾಧಿಕಾರಿಗಳು ಮೈದಾನಕ್ಕೆ ಬಂದರು, ಸುತ್ತೋಲೆ ಸರಿಯಾಗಿ ಪಾಲನೆಯಾಗುತ್ತಿದೆಯೇ ಎಂದು ಪರೀಕ್ಷಿಸಲು. ಹಲ್ಲಿನ ಡಾಕ್ಟರೊಬ್ಬರ ನಾಲ್ಕು ಸೀಟಿನ ವಿಮಾನದಲ್ಲಿ, ಅವರ ಪಕ್ಕದ ಸೀಟಿನಲ್ಲಿ ಕೂತು ಹಾರಿದರು. ಚಕ್ರ ಮಡಚುವ ವಿಮಾನ. ಇಪ್ಪತ್ತು ನಿಮಿಷದ ಸುತ್ತು. ಬಿಸಿಲಿತ್ತು, ಗಾಳಿ ಹೆಚ್ಚಿರಲಿಲ್ಲ. ಮೇಲೆ ನಡೆದದ್ದನ್ನು ಡಾಕ್ಟರು ನನ್ನ ಮನೆಗೆ ಬಂದು, ಕಟ್ಟು ಹಾಕಿದ ಭುಜವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಹೇಳಿದರು. ಅವರ ಮಾತಿನಲ್ಲೇ ಕೊಡುತ್ತೇನೆ.

"ಕೊನೇ ತಿರುವಿಗೆ ಮುಂಚೆ ಚಕ್ರದ ಹಿಡಿಕೆಗೆ ಕೈ ಹಾಕ್ಬೇಕು ಅಕ್ಕಾವ್ರೇ. ಕೈ ಹೊರಟಿತ್ತು. ಅಷ್ಟೊತ್ತಿಗೆ ಸಾಹೇಬ್ರು, 'ಗಮನ ವಿಚಲಿತವಾಗಿಲ್ಲ ಅಂತ ಘೋಷಣಾಪತ್ರ ಇಟ್ಕೊಂಡಿರ್ಬೇಕಲ್ಲ, ಎಲ್ಲಿ?' ಅಂದ್ರು. ಬಾಗಿಲಿನ ಜೇಬಲ್ಲಿತ್ತು. ಹಿಡಿಕೆಗೆ ಹೋಗ್ತಿದ್ದ ಕೈ ಜೇಬಿಗೆ ಹೋಯ್ತು. ತೆಗೆದು ಕೊಟ್ಟೆ. ತಾರೀಕು ಹಾಕಿಲ್ವಲ್ಲ ಅಂದ್ರು. ಆಮೇಲೆ ಹಾರ್ನ್ ಕೂಗೋಕೆ ಶುರುವಾಯ್ತು."

"ಚಕ್ರ ಇಳಿದಿಲ್ಲ ಅಂತ ಕೂಗೋ ಹಾರ್ನೇ?"

"ಅದೇ. ನಾನು, ಸಾಹೇಬ್ರು ನನ್ನ ಪರೀಕ್ಷೆ ಮಾಡೋಕೆ ಅಂತ ಯಾವ್ದೋ ಗುಂಡಿ ಒತ್ತಿದಾರೆ ಅಂದ್ಕೊಂಡೆ. ಪರೀಕ್ಷೆಗೇ ಅಲ್ವಾ ಬಂದಿರೋದು? ಗಾಬರಿ ತೋರಿಸ್ಬಾರ್ದು ಅಂತ ಗಂಭೀರವಾಗಿ ಕೂತೆ. ಅವ್ರು, ಈ ಜಾತಿ ವಿಮಾನ ಇಳಿಯುವಾಗ ಹೀಗೇ ಕೂಗುತ್ತೆ ಅಂದ್ಕೊಂಡ್ರಂತೆ. ಇಬ್ರೂ ಗಂಭೀರವಾಗಿ ಹೊಟ್ಟೆ ಮೇಲೆ ಇಳಿದ್ವಿ."

ಕೆಳಗೆ ನನ್ನ ತಮ್ಮ ದುರ್ಬೀನಿನಲ್ಲಿ ಮೀನಿನ ಹೊಟ್ಟೆಯನ್ನು ಎರಡನೆಯ ಸಲ ನೋಡಿದ. ಮೈಕಿನ ಗುಂಡಿ ಒತ್ತಿದ. ಒತ್ತಿದ ಮೇಲೆ ಕಣ್ಣು ಗಾಜಿನ ಕೆಳಗಿನ ಪಟ್ಟಿಗೆ ಹೋಯಿತು. ಆ ವಿಮಾನದಲ್ಲಿ ಕೂತಿದ್ದವರು ಯಾರೆಂದು ಅವನಿಗೆ ಗೊತ್ತಿತ್ತು. ಮೂರನೆಯ ಮೆಮೊ ಇಳಿಯುತ್ತಿತ್ತು, ಅದೂ ಚಕ್ರವಿಲ್ಲದೆ. ಒಂಬತ್ತರಲ್ಲಿ ಯಾವುದನ್ನು ಹೇಳಿದರೆ ಅವರು ಹೊಟ್ಟೆಯ ಕೆಳಗೆ ನೋಡಿಯಾರು ಎಂದು ಹುಡುಕಿದನಂತೆ. ಹುಡುಕಿ, "ರನ್‌ವೇ ತೆರವಾಗಿದೆ" ಎಂದ. ಅದು ನಿಜವೂ ಆಗಿತ್ತು. ಗುಂಡಿ ಬಿಟ್ಟ. ಬಿಟ್ಟ ಮೇಲೆ ಬಾಯಿ ಬಂತು. "ಚಕ್ರ! ಚಕ್ರ!" ಎಂದು ಕಿರುಚಿದ. ಗುಂಡಿ ಒತ್ತದೆ ಕಿರುಚಿದ್ದು ಆ ಕೋಣೆಯ ಫ್ಯಾನಿಗೆ ಬಿಟ್ಟು ಯಾರಿಗೂ ಕೇಳಿಸಲಿಲ್ಲ. ಗುಂಡಿ ಒತ್ತಿದಾಗಿನಿಂದ ವಿಮಾನ ನೆಲ ಮುಟ್ಟುವವರೆಗೆ ಹನ್ನೊಂದು ಸೆಕೆಂಡು ಎಂದು ನಿಮ್ಮ ವರದಿಯೇ ಹೇಳುತ್ತದೆ. "ಚಕ್ರ ಇಳೀತಾ" ಎನ್ನಲು ಒಂದು ಸೆಕೆಂಡು ಸಾಕು. ವಿಮಾನವನ್ನು ಮತ್ತೆ ಮೇಲೆತ್ತಿಕೊಳ್ಳಲು ಉಳಿದ ಹತ್ತು ಧಾರಾಳ ಎನ್ನುತ್ತಾರೆ ಡಾಕ್ಟರು.

ದೇವರು ದೊಡ್ಡವನು, ಯಾರೂ ಸಾಯಲಿಲ್ಲ. ಡಾಕ್ಟರ ಭುಜದ ಮೂಳೆ ಮುರಿಯಿತು. ತಪಾಸಣಾಧಿಕಾರಿಗಳ ಮುಂದಿನ ಎರಡು ಹಲ್ಲು ಹೋದವು. "ನಾನೇ ಕಟ್ಟಿಕೊಡ್ತೀನಿ ಸಾರ್ ಅಂದೆ. ನನ್ನ ಕೈಗೆ ಇನ್ನೊಂದ್ಸಲ ತಮ್ಮನ್ನ ಒಪ್ಪಿಸ್ಕೊಳ್ಳೋಕೆ ಅವ್ರು ತಯಾರಿಲ್ಲ" ಎಂದು ಡಾಕ್ಟರು ನಗಲು ಹೋಗಿ ಭುಜ ನೋಯಿಸಿಕೊಂಡರು.

ಇನ್ನು ನಿಮ್ಮ ವರದಿ. ನಲವತ್ತೆರಡು ಪುಟ. ಪೈಲಟ್‌ರದು ಕ್ಷಣಿಕ ಮರೆವು, ಎಚ್ಚರಿಕೆ ಕೊಟ್ಟು ಬಿಡಲಾಗಿದೆ, ಸರಿ. ಇಳಿಯುವ ಹೊತ್ತಿನಲ್ಲಿ ಪ್ರಯಾಣಿಕರು ಪೈಲಟ್‌ನೊಡನೆ ಮಾತಾಡಬಾರದು ಎಂದು ಸುತ್ತೋಲೆಯ ನಾಲ್ಕನೆಯ ಅಂಶ ಹೇಳುತ್ತದಲ್ಲ, ಮಾತಾಡಿದವರ ಗತಿ? "ತಪಾಸಣಾಧಿಕಾರಿಗಳು ಪ್ರಯಾಣಿಕ ಎಂಬ ವ್ಯಾಖ್ಯೆಗೆ ಒಳಪಡುವುದಿಲ್ಲ." ಹಾಗಾದರೆ ಅವರು ಯಾರು? ಜೇನುಹುಳಕ್ಕೆ ಸಿಕ್ಕ ಸ್ಥಾನಮಾನವೂ ಅವರಿಗೆ ಬೇಡವೇ? ಮೂವತ್ತೆಂಟನೆಯ ಪುಟಕ್ಕೆ ಬಂದರೆ ಅಪಘಾತದ ಮುಖ್ಯ ಕಾರಣ ಸಿಗುತ್ತದೆ: "ಚಕ್ರಗಳು ಇಳಿದಿಲ್ಲವೆಂಬುದನ್ನು ಕಣ್ಣಾರೆ ಕಂಡೂ ರೇಡಿಯೊ ನೌಕರನು ಮಾನವ ಸಹಜವಾದ ಎಚ್ಚರಿಕೆಯನ್ನು ನೀಡದೆ ಮೌನ ವಹಿಸಿರುತ್ತಾನೆ." ಮಾನವ ಸಹಜ! ಎರಡು ಮೆಮೊ ಕೊಟ್ಟು ಹೊಸಕಿ ಹಾಕಿದ್ದು ಇದನ್ನೇ ಅಲ್ಲವೇ? ಬೇಕಾದಾಗ ಆರಿಸಿ ಬೇಕಾದಾಗ ಹೊತ್ತಿಸಲು ಇದೇನು ನಿಮ್ಮ ಮೊಗಸಾಲೆಯ ದೀಪವೇ?

ವರದಿಗೆ ಏಳು ಅನುಬಂಧಗಳಿವೆ. ಆ ತಿಂಗಳ ಮಳೆಯ ವಿವರವಿದೆ, ಅಂದು ಮಳೆ ಬಂದಿರಲಿಲ್ಲ. ಗಾಳಿಚೀಲದ ಬಣ್ಣ ಮಾಸಿರುವುದಕ್ಕೆ ಫೋಟೊ ಇದೆ. ಮೈದಾನದ ಬೇಲಿಯ ನಕ್ಷೆಯಿದೆ. ಸುತ್ತೋಲೆ ಇಲ್ಲ. ಎರಡು ಮೆಮೊಗಳೂ ಇಲ್ಲ. ನಲವತ್ತೆರಡು ಪುಟಗಳನ್ನೂ ಮೂರು ಸಲ ಓದಿದ್ದೇನೆ. ಅವನು ಯಾಕೆ ಮೌನವಾಗಿದ್ದ ಎಂಬ ಪ್ರಶ್ನೆಯನ್ನು ಯಾರೂ ಕೇಳಿಲ್ಲ.

ಆದರೆ ನ್ಯಾಯವಾಗಿ ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಹತ್ತೊಂಬತ್ತನೆಯ ಪುಟದಲ್ಲಿ ನೀವು ಬರೆದ ಒಂದು ಮಾತು ನನಗೆ ಚುಚ್ಚಿದೆ, ಏಕೆಂದರೆ ಅದು ನಿಜ. ಈ ಮೈದಾನದ ಪೈಲಟ್‌ಗಳು ಆ ಪ್ರಶ್ನೆಗೆ ಒಗ್ಗಿಹೋಗಿ ತಾವೇ ನೆನಪಿಟ್ಟುಕೊಳ್ಳುವುದನ್ನು ಬಿಟ್ಟಿದ್ದರು ಎಂದಿದ್ದೀರಿ. ಡಾಕ್ಟರೂ ಒಪ್ಪಿದರು. "ಚಕ್ರಣ್ಣನ ದನಿ ಕೇಳಿದ್ರೆ ಕೈ ತಾನಾಗೇ ಹಿಡಿಕೆಗೆ ಹೋಗ್ತಿತ್ತು. ಅವತ್ತು ದನಿ ಬಂತು, ಪ್ರಶ್ನೆ ಬರ್ಲಿಲ್ಲ. ದನಿ ಬಂತಲ್ಲ, ಎಲ್ಲಾ ಆಯ್ತು ಅಂತ ಮನಸ್ಸು ನಿರಾಳವಾಗ್ಬಿಡ್ತು" ಎಂದರು. ನನ್ನ ತಮ್ಮ ಒಳ್ಳೆಯದು ಮಾಡಲು ಹೋಗಿ ಅವರ ನೆನಪನ್ನು ತನ್ನ ಬಾಯಲ್ಲಿ ಇಟ್ಟುಕೊಂಡಿದ್ದ. ಅದು ತಪ್ಪಿರಬಹುದು. ತಿದ್ದಬೇಕಾಗಿತ್ತು. ತಿದ್ದುವ ಮೊದಲು, ಇನ್ನು ಮುಂದೆ ಈ ಪ್ರಶ್ನೆ ಬರುವುದಿಲ್ಲ, ಹುಷಾರು ಎಂದು ವಿಮಾನ ಓಡಿಸುವವರಿಗೆ ಒಂದು ಕಾಗದ ಹಾಕಿದಿರಾ? ಇಲ್ಲ. ಸುತ್ತೋಲೆಯಲ್ಲಿ ಒಂಬತ್ತು ವಾಕ್ಯಗಳಿದ್ದ ಪುಟ ಹೋದದ್ದು ರೇಡಿಯೊ ಕೋಣೆಗಳಿಗೆ ಮಾತ್ರ. ಕುರುಡನ ಕೈ ಹಿಡಿದು ನಡೆಸುತ್ತಿದ್ದವನಿಗೆ ಕೈ ಬಿಡು ಎಂದು ಗುಟ್ಟಾಗಿ ಹೇಳಿದಿರಿ. ಕುರುಡನಿಗೆ ಯಾರು ಹೇಳಬೇಕಾಗಿತ್ತು?

ಇದನ್ನೆಲ್ಲ ಹತ್ತೊಂಬತ್ತನೆಯ ತಾರೀಕು ನಿಮ್ಮೆದುರು ಹೇಳು ಎಂದು ನಾನು ತಮ್ಮನಿಗೆ ಹೇಳಿದೆ. ಅವನು ಒಪ್ಪುತ್ತಿಲ್ಲ.

"ವರದೀಲಿ ಸುಳ್ಳೇನಿದೆ ಅಕ್ಕಾ? ನೋಡ್ದೆ. ಹೇಳ್ಲಿಲ್ಲ. ಮೊದಲ್ನೇ ಸಲನಾದ್ರೂ ಗೊತ್ತಿಲ್ದೆ ಸುಮ್ನಿದ್ದೆ. ಈ ಸಲ ಗೊತ್ತಿದ್ದೂ ಸುಮ್ನಿದ್ದೆ."

"ಅವ್ರೇ ತಾನೇ ಸುಮ್ನಿರು ಅಂದಿದ್ದು?"

"ಬಾಯಿ ನಂದು ತಾನೇ?"

ಅವನೀಗ ಮನೆಯಲ್ಲೂ ಏನನ್ನೂ ಕೇಳುವುದಿಲ್ಲ. ಮೊನ್ನೆ ಅವನ ಹೆಂಡತಿ ಫೋನು ಮಾಡಿದ್ದಳು. "ಅತ್ತಿಗೆ, ಇವತ್ತು ನಲ್ಲಿ ತೆರೆದಿಟ್ಟು ಮಾರ್ಕೆಟ್ಟಿಗೆ ಹೋಗ್ಬಿಟ್ಟಿದ್ದೆ. ಇವ್ರು ಮನೇಲೇ ಇದ್ರು. ಬಂದು ನೋಡಿದ್ರೆ ಅಡುಗೆಮನೆ ತುಂಬ ನೀರು, ಇವ್ರು ಪಡಸಾಲೇಲಿ ಕೂತಿದ್ದಾರೆ. ಒಂದು ಮಾತು ಕೇಳ್ಬಾರ್ದಿತ್ತಾ ಅಂತ ಅಂದ್ರೆ, 'ನಿನಗೆ ಗೊತ್ತಿರುತ್ತೆ ಅಂದ್ಕೊಂಡೆ' ಅಂದ್ರು" ಎಂದು ಅತ್ತಳು. ಅವಳು ಅಳುವುದನ್ನು ನಾನು ಕೇಳಿದ್ದು ಅದೇ ಮೊದಲು.

ಆದ್ದರಿಂದ, ಮಾನ್ಯರೇ, ನನ್ನ ಬೇಡಿಕೆ. ಅವನನ್ನು ಕ್ಷಮಿಸಿ ಎಂದು ಕೇಳುತ್ತಿಲ್ಲ. ಕ್ಷಮೆ ದೊಡ್ಡ ಮಾತು, ಅದಕ್ಕೂ ನಿಮ್ಮಲ್ಲಿ ನಮೂನೆ ಇರಬಹುದು. ನಾನು ಕೇಳುತ್ತಿರುವುದು ಮೂರು ಹಾಳೆ ಕಾಗದ: ಆ ಸುತ್ತೋಲೆಯ ಆ ಪುಟವನ್ನೂ ಎರಡು ಮೆಮೊಗಳನ್ನೂ ಎಂಟನೆಯ ಅನುಬಂಧವಾಗಿ ಹತ್ತೊಂಬತ್ತನೆಯ ತಾರೀಕಿನ ಒಳಗೆ ವರದಿಗೆ ಹೊಲಿಯಿರಿ. ಅದಾದ ಮೇಲೆ ಮೂವತ್ತೆಂಟನೆಯ ಪುಟವನ್ನು ಒಮ್ಮೆ ಗಟ್ಟಿಯಾಗಿ ಓದಿ, ಅವನ ಮುಂದೆ ಸಹಿಗೆ ಇಡಲು ನಿಮ್ಮ ಕೈ ಬರುತ್ತದೆಯೇ ನೋಡಿ. ಪಟ್ಟಿಗೆ ಹತ್ತನೆಯ ವಾಕ್ಯವೊಂದನ್ನು ಸೇರಿಸಿ. ಅದು ಯಾವುದೆಂದು ಹೇಳಬೇಕಾಗಿಲ್ಲ. ಒಂಬತ್ತನೆಯದಕ್ಕಿಂತ ಮೊದಲು ಬರಲಿ, ಶುಭ ಹಾರೈಸಲು ಆಮೇಲೆ ಸಮಯವಿರುತ್ತದೆ. ತಪ್ಪಿತಸ್ಥರ ಪಟ್ಟಿ ಇಷ್ಟು ಚಿಕ್ಕದಾದರೆ ಚೆನ್ನಾಗಿ ಕಾಣುವುದಿಲ್ಲ ಎನಿಸಿದರೆ ನನ್ನನ್ನೂ ಸೇರಿಸಿಕೊಳ್ಳಿ. ಅಡುಗೆಮನೆಯಲ್ಲಿ ನಾನಾಡಿದ ಮಾತನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆ. ಹನ್ನೊಂದು ಜನರ ಸಮಿತಿ, ಎರಡು ಮೆಮೊ ಸೇರಿ ಮಾಡಲಾಗದ್ದನ್ನು ಅಕ್ಕನ ಒಂದು ಗದರಿಕೆ ಮಾಡಿತು. ನಾನು ಸಾಕ್ಷಿ ಹೇಳಲು ಬರುತ್ತೇನೆ, ಕರೆಯದಿದ್ದರೂ ಬರುತ್ತೇನೆ.

ಕೊನೆಯದಾಗಿ ಒಂದು ಸುದ್ದಿ, ನಿಮ್ಮ ಧ್ವನಿಮುದ್ರಿಕೆ ಕೇಳುವವರು ಇಷ್ಟು ಹೊತ್ತಿಗೆ ನಿಮಗೂ ತಲುಪಿಸಿರಬೇಕು. ತಮ್ಮನ ಜಾಗಕ್ಕೆ ಬಂದಿರುವ ಹೊಸ ಹುಡುಗಿ ನನ್ನನ್ನು ಬಸ್ ಸ್ಟಾಪಿನಲ್ಲಿ ತಡೆದು ಹೇಳಿದಳು. ಅವಳು ಒಂಬತ್ತು ವಾಕ್ಯಗಳನ್ನು ಅಚ್ಚುಕಟ್ಟಾಗಿ ಓದುತ್ತಾಳಂತೆ. ಕೊನೆಯ ತಿರುವಿನಲ್ಲಿ ಓದಿ ಮುಗಿಸಿದ ಮೇಲೆ ರೇಡಿಯೊ ಒಂದು ಕ್ಷಣ ಸುಮ್ಮನಿರುತ್ತದಂತೆ, ಯಾರೋ ಯಾವುದಕ್ಕೋ ಕಾಯುವ ಹಾಗೆ. ಆಮೇಲೆ ವಕೀಲರಾಗಲಿ, ಇಂಜಿನಿಯರಮ್ಮನಾಗಲಿ, ಬೆಸೆದ ಭುಜದ ಡಾಕ್ಟರಾಗಲಿ, ಯಾರೂ ಕೇಳದೆಯೇ ಹೇಳುತ್ತಾರಂತೆ: "ಮೂರು ಹಸಿರು, ಅಣ್ಣಾ." ಚಕ್ರ ಮಡಚದ ವಿಮಾನದ ತರಬೇತುದಾರನೂ "ನೋಡ್ದೆ ಅಣ್ಣಾ, ಎರಡೂ ಇದೆ" ಎನ್ನುತ್ತಾನಂತೆ. "ನಾನು ಏನ್ ಉತ್ತರ ಕೊಡ್ಲಿ ಅಮ್ಮಾ? ಒಂಬತ್ತರಲ್ಲಿ ಯಾವ್ದೂ ಹೊಂದಲ್ಲ" ಎಂದಳು ಪಾಪ. ಇದನ್ನು ನನ್ನ ತಮ್ಮನಿಗೆ ನಾನಿನ್ನೂ ಹೇಳಿಲ್ಲ. ವಿಚಾರಣೆಯ ದಿನ ನೀವೇ ಆ ಧ್ವನಿಮುದ್ರಿಕೆಯನ್ನು ಅವನಿಗೆ ಕೇಳಿಸಿ. ಅದು ಮುಗಿದ ಮೇಲೆ ಪೆನ್ನು ಕೊಡಿ.

ಇಂತಿ,

"ತಮ್ಮ ವಿಧೇಯಳು" ಎಂದು ಬರೆಯುವುದು ವಾಡಿಕೆ. ವಿಧೇಯತೆಯಿಂದ ಏನಾಗುತ್ತದೆ ಎಂಬುದನ್ನು ಮೇಲೆ ವಿವರವಾಗಿ ಬರೆದಿರುವುದರಿಂದ ಅದನ್ನು ಕೈಬಿಟ್ಟಿದ್ದೇನೆ.

ಬಾಯಿ ಮುಚ್ಕೊಂಡು ಕೂತ್ಕೋ ಎಂದವಳು,
ಚಕ್ರಣ್ಣನ ಅಕ್ಕ